ಅರ್ಥಶಾಸ್ತ್ರದಲ್ಲಿ ಗಡಿಯ ಮುದ್ರೆಯೂ ಕೂಟಮುದ್ರೆಯ ದಂಡವೂ

ನಾಡಿನ ಎಲ್ಲೆಯನ್ನು ಕಾಯುವವರ ಕಾರ್ಯಕ್ಕೆ ಭಂಗ ತಂದವರನ್ನು ದಂಡಿಸುವುದು ಆಧುನಿಕ ರಾಜ್ಯಗಳು ಮಾತ್ರ ಕಂಡುಕೊಂಡ ಪದ್ಧತಿಯಲ್ಲ. ಮೈಸೂರಿನಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಈ ವಿಷಯವು ಸ್ಪಷ್ಟವಾಗಿ ನಿರೂಪಿತವಾಗಿರುವುದು.

ಜನಪದವನ್ನು ಪ್ರವೇಶಿಸುವವನೂ ಬಿಟ್ಟುಹೋಗುವವನೂ ಮುದ್ರಾಧ್ಯಕ್ಷನಿಗೆ ಒಂದು ಮಾಷವನ್ನು ಕೊಟ್ಟು ಮುದ್ರೆಯನ್ನು, ಎಂದರೆ ರಹದಾರಿಯನ್ನು, ಪಡೆಯಬೇಕು. ಅದನ್ನು ಪರೀಕ್ಷಿಸುವವನು ವಿವೀತಾಧ್ಯಕ್ಷ. ಮುದ್ರೆಯಿಲ್ಲದ ನಾಡಿಗನಿಗೆ 12 ಪಣ ದಂಡ. ಕೂಟಮುದ್ರೆಯನ್ನು, ಎಂದರೆ ಕಳ್ಳಮುದ್ರೆಯನ್ನು, ತೋರಿಸಿದವನಿಗೆ ಪೂರ್ವಸಾಹಸದಂಡ, ಅಂದರೆ 48ರಿಂದ 96 ಪಣ. ಅದೇ ಅಪರಾಧವನ್ನು ಪರದೇಶದವನು ಮಾಡಿದರೆ ಉತ್ತಮಸಾಹಸದಂಡ. ಅದು 500ರಿಂದ 1000 ಪಣದವರೆಗೆ ಇರುವುದು.

ಸರಕಿನ ವಿಷಯದಲ್ಲಿಯೂ ಕ್ರಮವು ಇದೇ. ಅಂತಪಾಲನು ಹೊರನಾಡಿನ ಸಾರ್ಥದ ಸರಕನ್ನು ಶೋಧಿಸಿ, ಗುರುತನ್ನೂ ಮುದ್ರೆಯನ್ನೂ ಕೊಟ್ಟು ಶುಲ್ಕಾಧ್ಯಕ್ಷನಲ್ಲಿಗೆ ಕಳುಹಿಸುವನು. ಮುದ್ರೆಯಿಲ್ಲದ ಸರಕಿಗೆ ಸುಂಕದ ಇಮ್ಮಡಿ, ಕೂಟಮುದ್ರೆಯ ಸರಕಿಗೆ ಎಂಟು ಮಡಿ ದಂಡ. ಮುದ್ರೆ ಒಡೆದಿದ್ದರೆ ವರ್ತಕನು ಘಟಿಕಾಸ್ಥಾನದಲ್ಲಿ ನಿಲ್ಲಬೇಕು. ಕನ್ನಡನಾಡಿನ ಶಾಸನಗಳಲ್ಲಿ ವಿದ್ಯಾಸ್ಥಾನವನ್ನು ಹೇಳುವ ಈ ಪದವು ಇಲ್ಲಿ ತಡೆದಿರಿಸುವ ಎಡೆಯನ್ನು ಸೂಚಿಸುವಂತಿದೆ.

ಈ ಎರಡು ವಿಧಿಗಳನ್ನು ಹೋಲಿಸಿದರೆ ಒಂದು ಅಂಶವು ಗೋಚರಿಸುವುದು. 12ಕ್ಕೆ 48, ಎರಡಕ್ಕೆ ಎಂಟು: ಕೂಟಮುದ್ರೆಯ ದಂಡವು ಮುದ್ರೆಯಿಲ್ಲದಿರುವುದಕ್ಕಿಂತ ಕಡಮೆಯೆಂದರೂ ನಾಲ್ಕು ಮಡಿ. ಬೊಕ್ಕಸದ ನಷ್ಟವೊಂದೇ ದಂಡಕ್ಕೆ ಅಳತೆಯಾಗಿದ್ದಲ್ಲಿ ಇಷ್ಟು ಅಂತರಕ್ಕೆ ಕಾರಣವಿರುತ್ತಿರಲಿಲ್ಲ. ಬರಿಗೈಯಲ್ಲಿ ಬಂದವನನ್ನು ಕಾವಲುಗಾರನು ತಡೆಯಬಲ್ಲನು. ಕಳ್ಳಮುದ್ರೆಯವನಾದರೋ ಕಾವಲುಗಾರನ ಕಣ್ಣನ್ನೇ ತನ್ನ ಅಪರಾಧಕ್ಕೆ ಸಾಧನವಾಗಿ ಮಾಡಿಕೊಳ್ಳುವನು. ಪರದೇಶದವನಿಗೆ ವಿಧಿಸಿದ ಹೆಚ್ಚಿನ ದಂಡಕ್ಕೆ ಗೂಢಚಾರನೆಂಬ ಶಂಕೆಯೂ ಕಾರಣವಾಗಿರಬಹುದು.

ಆದರೆ ಹೊಣೆಯು ಪ್ರಯಾಣಿಕನೊಬ್ಬನದೇ ಅಲ್ಲ. ಸರಕಿನ ಹೇರೊಂದಕ್ಕೆ ಒಂದೂಕಾಲು ಪಣದ ವರ್ತನಿಯನ್ನು ಪಡೆಯುವ ಅಂತಪಾಲನು, ದಾರಿಯಲ್ಲಿ ಕಳೆದುದನ್ನೂ ಕಳವಾದುದನ್ನೂ ತುಂಬಿಕೊಡಬೇಕೆಂದು ವಿಧಿಯಿರುವುದು. ಅರ್ಥಶಾಸ್ತ್ರವು ನಿಯಮಗಳ ಗ್ರಂಥವೇ ಹೊರತು ಆಚರಣೆಯ ದಾಖಲೆಯಲ್ಲ. ಈ ದಂಡಗಳೆಲ್ಲವೂ ನಡೆದುವೆಂದು ಅದರಿಂದ ಸಿದ್ಧವಾಗದು. ಆದರೂ ಎಲ್ಲೆಯಲ್ಲಿ ನಿಂತು ಪ್ರಜೆಯಿಂದ ವಿಧೇಯತೆಯನ್ನು ಬಯಸುವ ಅಧಿಕಾರಿಯು ಪ್ರಜೆಯ ರಕ್ಷಣೆಗೂ ಬಾಧ್ಯನೆಂಬ ತತ್ತ್ವವು ಅದರಲ್ಲಿ ನಿಸ್ಸಂದೇಹವಾಗಿ ಉಕ್ತವಾಗಿದೆ.