ಸ್ತ್ರೀಯರ ಶ್ರಮಜನ್ಯ ಮೂತ್ರಸ್ರಾವ: ಶಸ್ತ್ರಚಿಕಿತ್ಸೆಗಳ ತಾರತಮ್ಯ

ಕೆಮ್ಮಿದಾಗ, ಸೀನಿದಾಗ, ಭಾರವನ್ನೆತ್ತಿದಾಗ ಮೂತ್ರವು ತಡೆಯಿಲ್ಲದೆ ಜಿನುಗುವ ವ್ಯಾಧಿಯನ್ನು ಶ್ರಮಜನ್ಯ ಮೂತ್ರಸ್ರಾವವೆನ್ನಬಹುದು. ಕೊಡಗಿನ ಹಾರಂಗಿಯ ಪ್ರಾಂತದಲ್ಲಿ ಗದ್ದೆತೋಟಗಳಲ್ಲಿ ಹೊರೆ ಹೊರುವ ಸ್ತ್ರೀಯರಿಗೆ ಇದು ದುಡಿಮೆಗೇ ಅಡ್ಡಿಯಾಗಬಲ್ಲುದು. ಲಜ್ಜೆಯಿಂದ ಮುಚ್ಚಿಟ್ಟರಂತೂ ಚಿಕಿತ್ಸೆಯೇ ದೊರೆಯದು.

ಇದರ ಕಾರಣವನ್ನು ಹಾರಂಗಿಯ ಅಣೆಕಟ್ಟೆಯ ದೃಷ್ಟಾಂತದಿಂದ ತಿಳಿಯಬಹುದು. ನೀರಿನ ಒತ್ತಡವನ್ನು ತಡೆಯಲು ಬಾಗಿಲಿನಂತೆ ಅದು ಒರಗುವ ಚೌಕಟ್ಟೂ ಗಟ್ಟಿಯಾಗಿರಬೇಕು. ಪ್ರಸವಾದಿ ಕಾರಣಗಳಿಂದ ಮೂತ್ರನಾಳದ ಆಧಾರವು ಸಡಿಲಿದರೆ ಉದರದ ಒತ್ತಡವನ್ನು ನಾಳವು ತಾಳಲಾರದು.

ಶ್ರೋಣಿಸ್ನಾಯುಗಳ ವ್ಯಾಯಾಮದಿಂದ ಗುಣವಾಗದಿದ್ದಲ್ಲಿ ಶಸ್ತ್ರಚಿಕಿತ್ಸೆಯುಂಟು. 1961ರಲ್ಲಿ ಬರ್ಚ್ ಎಂಬ ವೈದ್ಯನು ಪ್ರಕಟಿಸಿದ ವಿಧಾನದಲ್ಲಿ ನಾಳದ ಇಕ್ಕೆಲಗಳ ಯೋನಿಭಿತ್ತಿಯನ್ನು ಹೊಲಿದು ಮೇಲಕ್ಕೆ ಬಿಗಿಯುವರು. ಎರಡನೆಯದರಲ್ಲಿ ರೋಗಿಯ ದೇಹದ ತಂತುಪಟ್ಟಿಯನ್ನೇ ನಾಳದ ಕೆಳಗೆ ಜೋಲಿಯಂತೆ ಕಟ್ಟುವರು. ಮೂರನೆಯದು ಸ್ವೀಡನ್ನಿನ ಉಲ್ಮ್‌ಸ್ಟೆನ್ 1996ರಲ್ಲಿ ವರ್ಣಿಸಿದ ಕೃತಕ ಜಾಲಪಟ್ಟಿ.

ಮೊದಲೆರಡನ್ನು 655 ಸ್ತ್ರೀಯರಲ್ಲಿ ಹೋಲಿಸಿದ ಅಮೆರಿಕದ ಪರೀಕ್ಷೆಯೊಂದರ ಫಲವು 2007ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಬಳಿಕ ಶ್ರಮಜನ್ಯ ಸ್ರಾವದಿಂದ ಮುಕ್ತರಾದವರು ಜೋಲಿಯಲ್ಲಿ ಶೇಕಡಾ 66, ಬರ್ಚ್ ವಿಧಾನದಲ್ಲಿ ಶೇಕಡಾ 49. ಆದರೆ ಮೂತ್ರವಿಸರ್ಜನೆಯ ಕಷ್ಟವೂ ಸೋಂಕೂ ಜೋಲಿಯಲ್ಲಿಯೇ ಅಧಿಕವಾಗಿದ್ದುವು. ಜಾಲಪಟ್ಟಿಗೆ ಗಾಯ ಕಿರಿದು, ಚೇತರಿಕೆ ಶೀಘ್ರ; ಆದರೂ ಜಾಲವು ಭಿತ್ತಿಯನ್ನು ಸವೆಸಿ ದೀರ್ಘಕಾಲದ ನೋವುಂಟುಮಾಡುವ ಅಪಾಯವಿದೆ. ಇದರಿಂದಲೇ ಇಂಗ್ಲೆಂಡಿನಲ್ಲಿ 2018ರಲ್ಲಿ ಅದರ ಬಳಕೆಯನ್ನು ತಡೆಹಿಡಿದರು.

ದೃಢವಾದ ಆಧಾರವು ಸ್ರಾವವನ್ನು ತಡೆಯುವುದು. ಅತಿಬಿಗಿಯಾದರೆ ವಿಸರ್ಜನೆಯನ್ನೂ ತಡೆಯುವುದು. ಆದಕಾರಣ ಮೂರರ ಗುಣದೋಷಗಳನ್ನೂ ರೋಗಿಗೆ ಅವಳ ನುಡಿಯಲ್ಲಿಯೇ ತಿಳಿಸತಕ್ಕುದು. ಯಾವ ದೋಷವು ತನಗೆ ಸಹ್ಯವೆಂಬ ನಿರ್ಣಯವು ಅವಳದು.