ಶಿರಸ್ತ್ರಾಣ ನಿಯಮದ ಹಿಂದಿರುವ ವಿಶ್ವವಿದ್ಯಾಲಯ ಸಂಶೋಧನೆ: ದ್ವಿಚಕ್ರ ವಾಹನ ಅರ್ಜಿದಾರರ ಮಾಹಿತಿಗಾಗಿ

ಪ್ರಸ್ತಾವನೆ

ದ್ವಿಚಕ್ರ ವಾಹನದ ಕಲಿಕಾ ಅಥವಾ ಚಾಲನಾ ಅನುಜ್ಞಾ ಪತ್ರಕ್ಕೆ ಹಾಗೂ ಹೊಸ ವಾಹನದ ನೋಂದಣಿಗೆ ಅರ್ಜಿ ಸಲ್ಲಿಸುವವರೆಲ್ಲರಿಗೂ ಶಿರಸ್ತ್ರಾಣ (ಹೆಲ್ಮೆಟ್) ಧಾರಣೆಯ ನಿಯಮವು ಅನ್ವಯಿಸುತ್ತದೆ. ದಂಡಕ್ಕೆ ಅಂಜಿ ಟೋಪಿಯಂತಹ ಹಗುರ ಶಿರಸ್ತ್ರಾಣವನ್ನು ಕೊಂಡು, ಅದರ ಪಟ್ಟಿಯನ್ನೂ ಬಿಗಿಯದೆ ಸಂಚರಿಸುವವರು ಅನೇಕರಿದ್ದಾರೆ. ಇದರಿಂದ ಕಾನೂನಿನ ಪಾಲನೆಯೂ ಆಗುವುದಿಲ್ಲ, ತಲೆಗೆ ರಕ್ಷಣೆಯೂ ದೊರೆಯುವುದಿಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಇವರಲ್ಲಿ ಶಿರಸ್ತ್ರಾಣ ಧರಿಸದೆ ಮೃತಪಟ್ಟವರ ಸಂಖ್ಯೆ 50,029. ಅವರಲ್ಲಿ 35,692 ಮಂದಿ ಸವಾರರು ಹಾಗೂ 14,337 ಮಂದಿ ಹಿಂಬದಿಯಲ್ಲಿ ಕುಳಿತವರು. ಈ ನಿಯಮವು ಯಾವ ಸಂಶೋಧನೆಗಳ ಆಧಾರದ ಮೇಲೆ ರೂಪುಗೊಂಡಿತು ಹಾಗೂ ಶಿರಸ್ತ್ರಾಣದ ಪ್ರತಿಯೊಂದು ಭಾಗವೂ ಏಕೆ ಅಗತ್ಯ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಂಶೋಧನೆಯ ಆರಂಭ

1935ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಸೇನಾನಿ ಹಾಗೂ ಲೇಖಕ ಟಿ. ಇ. ಲಾರೆನ್ಸ್ ಅವರು ಮೋಟಾರು ಸೈಕಲ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ನಿಧನರಾದರು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರಲ್ಲಿ ಒಬ್ಬರಾದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಅವರು ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರಾಗಿ ಈ ವಿಷಯವನ್ನು ಅಧ್ಯಯನಕ್ಕೆ ಎತ್ತಿಕೊಂಡರು. ಎರಡನೆಯ ಮಹಾಯುದ್ಧದ ಮೊದಲ 21 ತಿಂಗಳುಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮೋಟಾರು ಸೈಕಲ್ ಸವಾರರು ಮತ್ತು ಹಿಂಬದಿ ಸವಾರರು ಮೃತಪಟ್ಟಿದ್ದರೆಂದು ಅವರು 1941ರಲ್ಲಿ ಪ್ರಕಟಿಸಿದರು. ಶಿರಸ್ತ್ರಾಣ ಧರಿಸಿ ಗಾಯಗೊಂಡ ಕೇವಲ ಏಳು ಪ್ರಕರಣಗಳು ಅವರ ಗಮನಕ್ಕೆ ಬಂದಿದ್ದವು. ಆ ಏಳು ಮಂದಿಯೂ ಬದುಕುಳಿದಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ ಬ್ರಿಟಿಷ್ ಸೇನೆಯು ಕರ್ತವ್ಯದಲ್ಲಿರುವ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು. ಸಾರ್ವಜನಿಕರಿಗೆ ಅಲ್ಲಿ ಇದು ಕಡ್ಡಾಯವಾದದ್ದು 1973ರಲ್ಲಿ.

ಶಿರಸ್ತ್ರಾಣವು ಕೆಲಸ ಮಾಡುವ ಬಗೆ

ಅಮೆರಿಕದ ಡೆಟ್ರಾಯಿಟ್ ನಗರದ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು, ತಲೆಯ ಗಾಯದ ತೀವ್ರತೆಯು ಪೆಟ್ಟಿನ ಬಲವನ್ನು ಮಾತ್ರವಲ್ಲದೆ ಆ ಪೆಟ್ಟು ಎಷ್ಟು ಕಾಲ ಇರುತ್ತದೆ ಎಂಬುದನ್ನೂ ಅವಲಂಬಿಸುತ್ತದೆ ಎಂದು ತೋರಿಸಿದರು. ಶಿರಸ್ತ್ರಾಣವು ಈ ತತ್ವದಂತೆಯೇ ಕೆಲಸ ಮಾಡುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಿ. ಎಫ್. ಲೊಂಬಾರ್ಡ್ ಅವರು ಪೆಟ್ಟನ್ನು ಹೀರಿಕೊಳ್ಳುವ ಒಳಪದರವುಳ್ಳ ಶಿರಸ್ತ್ರಾಣಕ್ಕೆ 1953ರಲ್ಲಿ ಪೇಟೆಂಟ್ ಪಡೆದರು.

ಉದಾಹರಣೆಗೆ, ನಿಂತ ಮನುಷ್ಯನ ತಲೆಯಷ್ಟು ಎತ್ತರದಿಂದ, ಎಂದರೆ ಸುಮಾರು 1.8 ಮೀಟರ್ ಎತ್ತರದಿಂದ ಬಿದ್ದ ತಲೆಯು ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಅದು ಕೇವಲ 2 ಮಿಲಿಮೀಟರ್ ಅಂತರದಲ್ಲಿ ನಿಂತರೆ, ಗುರುತ್ವಾಕರ್ಷಣೆಯ ಸುಮಾರು 900 ಪಟ್ಟು ಆಘಾತವನ್ನು ಅನುಭವಿಸುತ್ತದೆ. ಒಳಪದರವು ಕುಗ್ಗಿ 2 ಸೆಂಟಿಮೀಟರ್ ಅಂತರದಲ್ಲಿ ತಲೆಯನ್ನು ನಿಲ್ಲಿಸಿದರೆ, ಅದೇ ಆಘಾತವು ಸುಮಾರು 90 ಪಟ್ಟಿಗೆ ಇಳಿಯುತ್ತದೆ.

ಹೊರಕವಚವು ಪೆಟ್ಟನ್ನು ಒಂದೇ ಬಿಂದುವಿನಲ್ಲಿ ಬೀಳಗೊಡದೆ ಹರಡುತ್ತದೆ. ಥರ್ಮೋಕೋಲಿನಂತಹ ಒಳಪದರವು ಕುಗ್ಗುತ್ತಾ ಪೆಟ್ಟನ್ನು ಹೀರಿಕೊಳ್ಳುತ್ತದೆ. ಗಲ್ಲದ ಪಟ್ಟಿಯು, ಪೆಟ್ಟು ಬೀಳುವ ಕ್ಷಣದಲ್ಲಿ ಶಿರಸ್ತ್ರಾಣವು ತಲೆಯಿಂದ ಕಳಚಿಹೋಗದಂತೆ ಹಿಡಿದಿಡುತ್ತದೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ರಕ್ಷಣೆಯು ಅಪೂರ್ಣ.

ಸಾಮಾನ್ಯ ಸಂದೇಹಗಳು

ಶಿರಸ್ತ್ರಾಣದಿಂದ ಕಿವಿ ಕೇಳಿಸದು, ಅಕ್ಕಪಕ್ಕ ಕಾಣಿಸದು, ಕುತ್ತಿಗೆಗೆ ಪೆಟ್ಟಾಗುತ್ತದೆ ಎಂಬ ಆಕ್ಷೇಪಣೆಗಳಿವೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಅವರ ತಂಡವು ಲಾಸ್ ಏಂಜಲೀಸ್ ಪ್ರದೇಶದಲ್ಲಿ ಸುಮಾರು 900 ಮೋಟಾರು ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ತೆರಳಿ ಪರಿಶೀಲಿಸಿ, 1981ರಲ್ಲಿ ವರದಿ ನೀಡಿತು. ಈ ಆಕ್ಷೇಪಣೆಗಳಿಗೆ ಅದರಲ್ಲಿ ಆಧಾರ ದೊರೆಯಲಿಲ್ಲ. ವಿವಿಧ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು, ಅಪಘಾತಕ್ಕೀಡಾದ ಸವಾರರಲ್ಲಿ ಶಿರಸ್ತ್ರಾಣವು ಮರಣದ ಅಪಾಯವನ್ನು ಶೇ. 42ರಷ್ಟು ಹಾಗೂ ತಲೆಯ ಗಾಯದ ಅಪಾಯವನ್ನು ಶೇ. 69ರಷ್ಟು ತಗ್ಗಿಸುತ್ತದೆ ಎಂದು ತಿಳಿಸಿದೆ.

ಭಾರತದಲ್ಲಿ ದೆಹಲಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯು ರಸ್ತೆ ಸುರಕ್ಷತೆಯ ಬಗ್ಗೆಯೂ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಲೆಯ ಗಾಯಗಳ ಬಗ್ಗೆಯೂ ಸಂಶೋಧನೆ ನಡೆಸಿವೆ.

ಕಾನೂನಿನ ಅಗತ್ಯಗಳು

1. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 129ರ ಮೇರೆಗೆ (2019ರ ತಿದ್ದುಪಡಿಯಂತೆ) ನಾಲ್ಕು ವರ್ಷ ಮೇಲ್ಪಟ್ಟ ಸವಾರರು ಹಾಗೂ ಹಿಂಬದಿ ಸವಾರರೆಲ್ಲರೂ ನಿಗದಿತ ಗುಣಮಟ್ಟದ ಶಿರಸ್ತ್ರಾಣವನ್ನು ಧರಿಸತಕ್ಕದ್ದು. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿಯಿದೆ.

2. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಕರೆದೊಯ್ಯುವಾಗ, 2023ರ ಫೆಬ್ರವರಿಯಿಂದ ಜಾರಿಗೆ ಬಂದ ನಿಯಮದಂತೆ, ಮಗುವಿಗೆ ಶಿರಸ್ತ್ರಾಣ ಮತ್ತು ಸುರಕ್ಷತಾ ಪಟ್ಟಿಯನ್ನು ತೊಡಿಸತಕ್ಕದ್ದು. ವೇಗವು ಗಂಟೆಗೆ 40 ಕಿ.ಮೀ. ಮೀರತಕ್ಕದ್ದಲ್ಲ.

3. ನಿಯಮ ಉಲ್ಲಂಘಿಸಿದವರಿಗೆ ಕಲಂ 194-ಡಿ ಪ್ರಕಾರ ದಂಡದ ಜೊತೆಗೆ, ಮೂರು ತಿಂಗಳ ಅವಧಿಗೆ ಚಾಲನಾ ಅನುಜ್ಞಾ ಪತ್ರದ ಅನರ್ಹತೆಯೂ ಉಂಟಾಗುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಹೊಸ ದ್ವಿಚಕ್ರ ವಾಹನವನ್ನು ಖರೀದಿಸುವಾಗ ತಯಾರಕರು ನಿಗದಿತ ಗುಣಮಟ್ಟದ ಶಿರಸ್ತ್ರಾಣವನ್ನು ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 138ರಲ್ಲಿ ತಿಳಿಸಲಾಗಿದೆ. ಖರೀದಿದಾರರು ಅದನ್ನು ಕೇಳಿ ಪಡೆಯಬಹುದು.

2. ಐ.ಎಸ್.ಐ. ಗುರುತು ಹಾಗೂ ಐ.ಎಸ್. 4151 ಸಂಖ್ಯೆಯನ್ನು ಪರಿಶೀಲಿಸಿ ಕೊಳ್ಳತಕ್ಕದ್ದು. ಈ ಗುರುತಿಲ್ಲದ ಶಿರಸ್ತ್ರಾಣಗಳ ತಯಾರಿಕೆ ಮತ್ತು ಮಾರಾಟವನ್ನು 2021ರ ಜೂನ್ 1ರಿಂದ ನಿಷೇಧಿಸಲಾಗಿದೆ.

3. ಶಿರಸ್ತ್ರಾಣವು ತಲೆಗೆ ಬಿಗಿಯಾಗಿ ಕೂರುವಂತಿರಬೇಕು. ಪಟ್ಟಿಯನ್ನು ಬಿಗಿದ ನಂತರ ಹಿಂದಿನಿಂದ ಮೇಲಕ್ಕೆತ್ತಿದರೆ ಅದು ಕಳಚಿಬರಬಾರದು.

4. ಒಮ್ಮೆ ಬಲವಾದ ಪೆಟ್ಟು ತಿಂದ ಶಿರಸ್ತ್ರಾಣದ ಒಳಪದರವು ಮತ್ತೆ ಮೊದಲಿನಂತಾಗುವುದಿಲ್ಲ. ಹೊರಗೆ ಬಿರುಕು ಕಾಣದಿದ್ದರೂ ಅದನ್ನು ಬದಲಾಯಿಸತಕ್ಕದ್ದು.

ಸಮೀಪದ ಅಂಗಡಿಗೆ ಹೋಗಿಬರುವ ಪ್ರಯಾಣಕ್ಕೂ ಈ ನಿಯಮವು ಅನ್ವಯಿಸುತ್ತದೆ. ಮೇಲಿನ ಲೆಕ್ಕದಲ್ಲಿ ತೋರಿಸಿದಂತೆ, ನಿಂತಲ್ಲಿಂದ ಬಿದ್ದರೂ ಸಾಕು, ತಲೆಗೆ ಮಾರಕವಾಗಬಲ್ಲ ಪೆಟ್ಟು ಬೀಳುತ್ತದೆ. ಆದ್ದರಿಂದ ಸವಾರರು ತಮಗಷ್ಟೇ ಅಲ್ಲದೆ ಹಿಂಬದಿಯಲ್ಲಿ ಕುಳಿತವರಿಗೂ ಮಕ್ಕಳಿಗೂ ಗುಣಮಟ್ಟದ ಶಿರಸ್ತ್ರಾಣವನ್ನು ಒದಗಿಸಿ, ಪಟ್ಟಿಯನ್ನು ಬಿಗಿದ ನಂತರವೇ ವಾಹನ ಚಲಾಯಿಸಬೇಕೆಂದು ಕೋರಲಾಗಿದೆ.