ಮುಕ್ತಿಸೇನೆಯ ಬೆಂಕಿಕಡ್ಡಿ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಲೋಕದ ಸಂಪತ್ತೆಲ್ಲ ಹರಿದುಬಂದು ಸೇರುತ್ತಿದ್ದ ಲಂಡನ್ ಮಹಾನಗರದ ಪೂರ್ವಭಾಗದಲ್ಲಿ, ಹಡಗುಕಟ್ಟೆಗಳಿಗೂ ಕಾರ್ಖಾನೆಗಳಿಗೂ ಅಂಟಿಕೊಂಡ ಇಕ್ಕಟ್ಟಾದ ಬೀದಿಗಳಲ್ಲಿ, ಕೂಲಿ ದೊರೆತ ದಿನ ಊಟ, ದೊರೆಯದ ದಿನ ಉಪವಾಸವೆಂಬ ಸ್ಥಿತಿಯಲ್ಲಿ ಅಸಂಖ್ಯ ಜನರು ಬಾಳುತ್ತಿದ್ದರು. ಚರ್ಚಿನ ಬಾಗಿಲು ತೆರೆದಿದ್ದರೂ ಹರಕು ಬಟ್ಟೆಯವರು ಸಂಭಾವಿತರ ಸಾಲಿನಲ್ಲಿ ಹೋಗಿ ಕೂರುವುದೆಂತು? 1865ರಲ್ಲಿ ವಿಲಿಯಂ ಬೂತ್ ಎಂಬ ಉಪದೇಶಕನು ವೈಟ್‌ಚಾಪೆಲ್ಲಿನಲ್ಲಿ ಡೇರೆ ಹೂಡಿ ಬೋಧಿಸತೊಡಗಿದುದು ಇಂಥವರಿಗಾಗಿಯೇ. ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಗಿರವಿ ಅಂಗಡಿಯ ಕೆಲಸಕ್ಕೆ ನಿಂತಿದ್ದ ಆತನಿಗೆ ದಾರಿದ್ರ್ಯವು ಗ್ರಂಥದಿಂದ ಕಲಿತ ವಿಷಯವಾಗಿರಲಿಲ್ಲ.

ಆತನ ಸಣ್ಣ ಕೂಟವು 1878ರಲ್ಲಿ ಸಾಲ್ವೇಷನ್ ಆರ್ಮಿ, ಅಂದರೆ ಮುಕ್ತಿಸೇನೆ, ಎಂಬ ಹೆಸರನ್ನು ತಾಳಿತು. ಹೆಸರಿಗೆ ತಕ್ಕಂತೆ ಸಮವಸ್ತ್ರ, ಧ್ವಜ, ವಾದ್ಯಮೇಳಗಳು ಬಂದವು. ಉಪದೇಶಕರು ಅಧಿಕಾರಿಗಳಾದರು, ಸದಸ್ಯರು ಮದ್ಯವನ್ನು ತ್ಯಜಿಸುವ ಪ್ರತಿಜ್ಞೆಗೈದ ಸೈನಿಕರಾದರು, ಬೂತನು ಜನರಲ್ ಆದನು. ಸ್ತ್ರೀಯರೂ ಬೋಧಿಸಬಹುದೆಂದು 1859ರಲ್ಲಿಯೇ ಬರೆದು ವಾದಿಸಿದ್ದ ಆತನ ಪತ್ನಿ ಕ್ಯಾಥರೀನಳ ಪ್ರಭಾವದಿಂದ, ಹೆಂಗಸರಿಗೂ ಗಂಡಸರಿಗೆ ಸಮಾನವಾದ ಅಧಿಕಾರಪದವಿಗಳು ಇಲ್ಲಿ ಮೊದಲಿನಿಂದಲೂ ಲಭಿಸಿದವು. ಆ ಕಾಲದ ಕ್ರೈಸ್ತಸಂಘಗಳಲ್ಲಿ ಇದು ಅತಿವಿರಳ. ಬೀದಿಯ ಮೆರವಣಿಗೆಗಳ ಮೇಲೆ ಕಲ್ಲುಗಳು ಬಿದ್ದುದೂ ಉಂಟು, ಸೈನಿಕರು ಸೆರೆಮನೆ ಕಂಡುದೂ ಉಂಟು.

1882ರಲ್ಲಿ ಈ ಸೇನೆಯು ಮುಂಬಯಿಯಲ್ಲಿ ಬಂದಿಳಿಯಿತು. ಅದರ ನಾಯಕ ಫ್ರೆಡರಿಕ್ ಟಕರ್, ಇಂಡಿಯನ್ ಸಿವಿಲ್ ಸರ್ವಿಸ್ಸಿನ ಹುದ್ದೆಯನ್ನು ತೊರೆದು, ಫಕೀರ ಸಿಂಗನೆಂಬ ಹೆಸರನ್ನಿಟ್ಟುಕೊಂಡು, ದೇಶೀಯ ಉಡುಪಿನಲ್ಲಿ ಬಡವರ ನಡುವೆ ಬಾಳಿದವನು. ಮುಂದೆ ನಾಗರಕೋಯಿಲಿನಲ್ಲಿ ಕ್ಯಾಥರೀನ್ ಬೂತಳ ಹೆಸರಿನ ಆಸ್ಪತ್ರೆ ತಲೆಯೆತ್ತಿತು. ಇಂದು ಸೇನೆಯ ಕಾರ್ಯಕ್ಷೇತ್ರವು 130ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದೆ.

ಹಸಿದವನಿಗೆ ಮೊದಲು ಅನ್ನ, ಆಮೇಲೆ ಉಪದೇಶ ಎಂಬುದು ಬೂತನ ನಿಲುವು. 1890ರಲ್ಲಿ, ಕ್ಯಾಥರೀನಳು ತೀರಿಕೊಂಡ ದಿನಗಳಲ್ಲಿಯೇ, ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ಲಂಡನ್ನಿನ ಬಾಡಿಗೆಗಾಡಿಯ ಕುದುರೆಯನ್ನು ಮುಂದಿರಿಸಿ ಕೇಳಿದನು: ಬಿದ್ದ ಕುದುರೆಯನ್ನು ಎತ್ತಿ ನಿಲ್ಲಿಸುತ್ತಾರೆ, ಬದುಕಿರುವ ತನಕ ಅದಕ್ಕೆ ಮೇವು, ಲಾಯ, ಕೆಲಸ ಒದಗಿಸುತ್ತಾರೆ, ಮನುಷ್ಯನಿಗೆ ಅಷ್ಟಾದರೂ ಬೇಡವೇ? ಅಗ್ಗದ ವಸತಿಗೃಹ, ಕೆಲಸ ಕೊಡಿಸುವ ಕಚೇರಿ, ನಿರುದ್ಯೋಗಿಗಳಿಗೆ ಬೇಸಾಯದ ಶಿಬಿರ, ಎಲ್ಲವೂ ಆ ಯೋಜನೆಯ ಅಂಗಗಳಾದವು.

ಆದರೆ ಸೇನೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಪೂಜ್ಯವಾಗಿ ತೋರುವುದು ಬೆಂಕಿಕಡ್ಡಿಯ ಕಥೆ. ಆಗಿನ ಅಗ್ಗದ ಕಡ್ಡಿಗಳ ತುದಿಗೆ ಬಿಳಿಯ ರಂಜಕವನ್ನು ಹಚ್ಚುತ್ತಿದ್ದರು. ಅದರ ಹಬೆಯು ಕೂಲಿಗಳ ಹಲ್ಲುಗಳ ಮೂಲಕ ಒಳಹೊಕ್ಕು ದವಡೆಯ ಎಲುಬನ್ನೇ ಕೊಳೆಯಿಸುತ್ತಿತ್ತು. ಮುಖ ವಿಕಾರಗೊಂಡು, ದುಸ್ಸಹವಾದ ಯಾತನೆಯಿಂದ ನರಳಿ ಸತ್ತವರುಂಟು. ನಿರಪಾಯವಾದ ಕೆಂಪು ರಂಜಕವು ಅಷ್ಟರಲ್ಲಿ ತಿಳಿದುಬಂದಿದ್ದರೂ, ಅದರ ಕಡ್ಡಿಗೆ ಬೆಲೆ ಹೆಚ್ಚೆಂಬ ಕಾರಣದಿಂದ ಮಾಲೀಕರು ಒಲ್ಲೆನ್ನುತ್ತಿದ್ದರು. ಇದನ್ನು ಮಾತಿನಲ್ಲಿ ಖಂಡಿಸಿ ಸುಮ್ಮನಾಗದೆ, ಸೇನೆಯು 1891ರಲ್ಲಿ ಲಂಡನ್ನಿನ ಓಲ್ಡ್ ಫೋರ್ಡಿನಲ್ಲಿ ತಾನೇ ಒಂದು ಕಾರ್ಖಾನೆಯನ್ನು ತೆರೆಯಿತು. ಅಲ್ಲಿ ಕೆಂಪು ರಂಜಕದ ಕಡ್ಡಿ, ಬೆಳಕು ಗಾಳಿಯಾಡುವ ಕೊಠಡಿ, ಇತರರಿಗಿಂತ ಹೆಚ್ಚಿನ ಕೂಲಿ. ಪೆಟ್ಟಿಗೆಯ ಬೆಲೆ ತುಸು ಹೆಚ್ಚೇ ಆಯಿತು; ಆ ಹೆಚ್ಚಳವನ್ನು ತೆರುವ ಗಿರಾಕಿಯು ಒಬ್ಬ ಹೆಣ್ಣುಮಗಳ ದವಡೆಯನ್ನು ಉಳಿಸುತ್ತಾನೆಂಬುದನ್ನು ಸೇನೆಯು ಊರೂರಿಗೆ ಸಾರಿತು. ಸ್ಪರ್ಧೆಯಲ್ಲಿ ನಿಲ್ಲುವುದು ಕಷ್ಟವಾಗಿ ಅದು ಕ್ರಮೇಣ ವ್ಯಾಪಾರದಿಂದ ಹಿಂದೆ ಸರಿಯಿತಾದರೂ, ಬೆಂಕಿಕಡ್ಡಿ ತಯಾರಿಸುತ್ತಿದ್ದ ಒಂದು ದೊಡ್ಡ ಕಂಪನಿಯು 1901ರ ಹೊತ್ತಿಗೆ ಬಿಳಿಯ ರಂಜಕವನ್ನು ಕೈಬಿಟ್ಟಿತು. ಪಾರ್ಲಿಮೆಂಟು 1908ರಲ್ಲಿ ಅಂಗೀಕರಿಸಿದ ನಿಷೇಧದ ಶಾಸನವು 1910ರಲ್ಲಿ ಜಾರಿಗೆ ಬಂದಿತು; ಬೂತನು ಅದನ್ನು ಕಂಡು, 1912ರಲ್ಲಿ ಕಣ್ಮುಚ್ಚಿದನು.